ಟಿಕೆಟ್ ದರ ಆಮೇಲೆ, ಇಂಜೆಕ್ಷನ್ ಮೊದಲು

ಮಂಗಳೂರಿನ ಹಂಪನಕಟ್ಟೆಯ ಟ್ರಾವೆಲ್ ಆಫೀಸಿನಲ್ಲಿ ನನ್ನ ಕೆಲಸ ಟಿಕೆಟ್ ಮತ್ತು ವೀಸಾ. ಆದರೆ ಆಫ್ರಿಕಾ ಕಡೆ ಹೊರಟವರು ಬಂದರೆ ದರ ಹೇಳುವ ಮೊದಲೇ ಕೇಳುತ್ತೇನೆ: "ಯೆಲ್ಲೋ ಫೀವರ್ ಇಂಜೆಕ್ಷನ್ ಆಗಿದೆಯಾ?"

ಯೆಲ್ಲೋ ಫೀವರ್ ಅಂದರೆ ಸೊಳ್ಳೆಯಿಂದ ಹರಡುವ ಒಂದು ವೈರಸ್ ಜ್ವರ. ವೀಸಾ ತಡವಾದರೆ ಓಡಾಡಿ ಏನಾದರೂ ಮಾಡಬಹುದು. ಇದರಲ್ಲಿ ಅರ್ಜೆಂಟ್ ಅನ್ನೋದೇ ಇಲ್ಲ. ಚುಚ್ಚಿಸಿಕೊಂಡು 10 ದಿನ ಕಳೆದ ಮೇಲೆಯೇ ಸರ್ಟಿಫಿಕೇಟ್ ನಡೆಯುವುದು. ಕಂಡ ಕಂಡ ಕ್ಲಿನಿಕ್‌ನಲ್ಲಿ ಕೊಡುವುದಿಲ್ಲ, ಸರ್ಕಾರ ಗೊತ್ತು ಮಾಡಿದ ಸೆಂಟರ್‌ಗಳಲ್ಲಿ ಮಾತ್ರ. ಒಂದು ಸೀಸೆಯಲ್ಲಿ ಹಲವರ ಡೋಸ್ ಇರುತ್ತದೆ, ತೆರೆದರೆ ಕೆಲವೇ ಗಂಟೆಯಲ್ಲಿ ಮುಗಿಸಬೇಕು. ಹಾಗಾಗಿ ಮೊದಲೇ ಹೆಸರು ಬರೆಸಿ ಅವರು ಹೇಳಿದ ದಿನ ಹೋಗುವುದೇ ಜಾಸ್ತಿ.

ಹಡಗಿನ ಕೆಲಸದ ಹುಡುಗರಿಗೆ ಇದೆಲ್ಲ ಬಾಯಿಪಾಠ. ಮಗಳ ಮನೆಗೆಂದು ನೈರೋಬಿಗೆ ಹೊರಟ ಅಪ್ಪ ಅಮ್ಮನಿಗೆ ಹೇಳುವುದೇ ಕಷ್ಟ. "ಅಲ್ಲಿ ಕೇಳುವುದಿಲ್ಲವಂತೆ ಮಾರಾಯ್ತಿ" ಅನ್ನುತ್ತಾರೆ. ಸರಿ, ಅಲ್ಲಿ ಕೇಳದಿರಬಹುದು. ವಾಪಸ್ ಬರುವಾಗ ನಮ್ಮವರೇ ಕೇಳುತ್ತಾರಲ್ವಾ? ಸರ್ಟಿಫಿಕೇಟ್ ಕಾರ್ಡ್ ಇಲ್ಲದಿದ್ದರೆ 6 ದಿನದವರೆಗೂ ಕ್ವಾರಂಟೈನ್‌ನಲ್ಲಿ ಕೂರಿಸಬಹುದು. ಇದು ಜೀವಂತ ವೈರಸ್‌ನ ಲಸಿಕೆ. 60 ದಾಟಿದವರು, ಗರ್ಭಿಣಿಯರು, ಮೊಟ್ಟೆ ಅಲರ್ಜಿ ಇರುವವರು ಮೊದಲು ಡಾಕ್ಟರ ಹತ್ತಿರ ಮಾತಾಡಲೇಬೇಕು.

ಇಂಜೆಕ್ಷನ್ ಆದ ಮೇಲೆ ಕೈಗೆ ಬಂದ ಹಳದಿ ಪುಸ್ತಕವನ್ನು, ಅಂದರೆ ಅದೇ ಸರ್ಟಿಫಿಕೇಟನ್ನು, ಸುಮ್ನೆ ಬ್ಯಾಗಿಗೆ ಹಾಕಬೇಡಿ. ಪಾಸ್‌ಪೋರ್ಟ್ ಪಕ್ಕ ಇಟ್ಟು ಹೆಸರು, ಪಾಸ್‌ಪೋರ್ಟ್ ನಂಬರ್, ತಾರೀಕು, ಬ್ಯಾಚ್ ನಂಬರ್, ಸಹಿ, ಸೀಲು ಅಲ್ಲೇ ನೋಡಿಕೊಳ್ಳಿ. ನಮ್ಮ ಕಡೆ ಇನಿಷಿಯಲ್, ಸರ್‌ನೇಮ್ ಗೊಂದಲ ಗೊತ್ತಲ್ಲ. ಕಾರ್ಡ್ ಹಳೆಯದಾದರೆ ಚಿಂತೆ ಬೇಡ. 2016ರ ಜುಲೈಯಿಂದ ಒಂದೇ ಡೋಸ್ ಜೀವನಪೂರ್ತಿ ನಡೆಯುತ್ತದೆ, ಹಿಂದೆ 10 ವರ್ಷ ಅಂತ ಬರೆದುಕೊಟ್ಟದ್ದೂ ಸೇರಿ.

ಉಮ್ರಾಕ್ಕೆ ಹೊರಟವರಿಗೆ ಬೇರೆ ಲೆಕ್ಕ: ಮೆನಿಂಜೈಟಿಸ್ (ಮಿದುಳಿನ ಪೊರೆಯ ಸೋಂಕು) ಲಸಿಕೆ, ತಲುಪುವ 10 ದಿನ ಮೊದಲೇ.

ಇನ್ನು ಮಲೇರಿಯಾ ಮಾತ್ರೆ ಅಂದರೆ ಮಂಗಳೂರಿನವರಿಗೆ ನಗು. "ನಮಗೆ ಮಲೇರಿಯಾ ಹೊಸತಾ?" ಹೊಸತಲ್ಲ, ನಿಜ. ಆದರೆ ನಮ್ಮ ಊರಿನದು ಜಾಸ್ತಿ ವೈವಾಕ್ಸ್ ಅನ್ನುವ ಬಗೆ, ಆಫ್ರಿಕಾದ್ದು ಬಹುಪಾಲು ಫಾಲ್ಸಿಪಾರಮ್ ಅನ್ನುವ ಬಗೆ. ಅದು ತಡ ಮಾಡಿದರೆ ಜೀವಕ್ಕೇ ಬರುತ್ತದೆ. ಇಲ್ಲಿ ನಾಲ್ಕು ಸಲ ಜ್ವರ ಬಂದು ಹೋಗಿದೆ ಅಂತ ಅಲ್ಲಿ ಧೈರ್ಯ ಮಾಡುವ ಹಾಗಿಲ್ಲ. ಯಾವ ಮಾತ್ರೆ ಅಂತ ಡಾಕ್ಟರೇ ಹೇಳಬೇಕು. ಡಾಕ್ಸಿಸೈಕ್ಲಿನ್ ಕೊಟ್ಟರೆ ವಾಪಸ್ ಬಂದ ಮೇಲೂ 4 ವಾರ ನುಂಗಬೇಕು. ಊರಿಗೆ ಬಂದ ಖುಷಿಯಲ್ಲಿ ಬಿಟ್ಟುಬಿಡುವವರೇ ಹೆಚ್ಚು. ಆಮೇಲೆ ಜ್ವರ ಬಂದರೆ ಡಾಕ್ಟರಿಗೆ ಎಲ್ಲಿಗೆ ಹೋಗಿದ್ದಿರಿ ಅನ್ನುವುದನ್ನು ಮೊದಲು ಹೇಳಿ, ಅವರು ಕೇಳದಿದ್ದರೂ.