ಹೆಪ್ಪು ಹಾಕಿದ ಲೇಬಲ್: ಇಲ್ಲಿಯವರೆಗೆ ಆದ ಕೆಲಸ

ಮಾರ್ಚ್ 9

ದಾವಣಗೆರೆಯ ಮಂಡಿಪೇಟೆ ಹಿಂದಿನ ಓಣಿಯಲ್ಲಿ ನಮ್ಮದೊಂದು ಕಿರಾಣಿ ಅಂಗಡಿ. ಕಳೆದ ವಾರ ಎದುರು ಮನೆ ಅಜ್ಜಿ ಅರ್ಧ ಲೀಟರ್ ಹಾಲು ಒಯ್ದರು. ಕಾಯಿಸಲು ಇಟ್ಟರೆ ಒಡೆಯಿತು. ಪ್ಯಾಕೆಟ್ ಮೇಲಿನ ತಾರೀಕಿಗೆ ಇನ್ನೂ ಒಂದು ದಿನ ಬಾಕಿ ಇತ್ತು. ಹಿಂದಿನ ರಾತ್ರಿ ಕರೆಂಟ್ ಹೋಗಿ ಫ್ರಿಜ್ ಬಹಳ ಹೊತ್ತು ನಿಂತಿತ್ತು, ಅದು ನಮಗೆ ಗೊತ್ತೇ ಇತ್ತು. ಆದರೆ ಯಾವ ಪ್ಯಾಕೆಟ್ ಮೇಲೆ ಇತ್ತು, ಯಾವುದು ತಳದಲ್ಲಿ ತಣ್ಣಗಿತ್ತು, ನೋಡಿ ಹೇಳುವುದು ಹೇಗೆ? ಅಪ್ಪಾಜಿ ದುಡ್ಡು ವಾಪಸ್ ಕೊಟ್ಟರು. ಅಜ್ಜಿಗೆ ದುಡ್ಡಿನ ಚಿಂತೆ ಇರಲಿಲ್ಲ. "ಕೂಸು ಹಾಲಿಲ್ದೆ ಮಲಗಿತಪ್ಪ" ಅಂದರು. ಆ ಮಾತು ಇನ್ನೂ ಕಿವಿಯಲ್ಲಿದೆ.

ಪ್ಯಾಕೆಟ್ಟಿಗೆ ತುಂಬುವ ಮುಂಚೆ ಹಾಲನ್ನು 72 ಡಿಗ್ರಿಯಲ್ಲಿ 15 ಸೆಕೆಂಡು ಕಾಯಿಸಿ ತಣಿಸಿದರೆ ರೋಗಾಣುಗಳು ಸಾಯುತ್ತವೆ, ಎಲ್ಲ ಸೂಕ್ಷ್ಮಜೀವಿಗಳೂ ಸಾಯುವುದಿಲ್ಲ. ಉಳಿದವು ತಂಪಿನಲ್ಲಿ ನಿಧಾನ, ಸೆಕೆಯಲ್ಲಿ ಬಿರುಸು. ತಾರೀಕು ದಿನ ಎಣಿಸುತ್ತದೆ, ಸೆಕೆ ಎಣಿಸುವುದಿಲ್ಲ. ಸೆಕೆಯ ಲೆಕ್ಕ ಇಡುವ ಒಂದು ಚೀಟಿ ಪ್ಯಾಕೆಟ್ ಮೇಲೆ ಬೇಕು. ಅದನ್ನು ಮಾಡಲು ಕೂತಿದ್ದೇನೆ.

ಮಾರ್ಚ್ 14

ನಮ್ಮ ಅತ್ತಿಗೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ದಾದಿ. ವಿಷಯ ಹೇಳಿದೆ. "ಅದು ನಮ್ಮ ಪೋಲಿಯೊ ಬಾಟ್ಲಿ ಮೇಲೆ ಐತಲ್ಲೋ" ಅಂದರು. ಹೌದು! ಲಸಿಕೆ ಶೀಶೆಯ ಲೇಬಲ್ಲಿನಲ್ಲಿ ನೇರಳೆ ವೃತ್ತ, ಅದರೊಳಗೆ ತಿಳಿ ಬಣ್ಣದ ಚೌಕ. ಶಾಖ ತಗುಲಿದಷ್ಟೂ ಚೌಕ ಕಪ್ಪಾಗುತ್ತ ಬರುತ್ತದೆ. ಚೌಕ ವೃತ್ತಕ್ಕಿಂತ ತಿಳಿಯಾಗಿದ್ದರೆ ಮಗುವಿಗೆ ಹಾಕಬಹುದು. ಎರಡೂ ಒಂದೇ ಬಣ್ಣವಾದರೆ, ಅಥವಾ ಚೌಕವೇ ಹೆಚ್ಚು ಕಪ್ಪಾದರೆ, ಎಸೆಯಬೇಕು. 1996ರಿಂದ ಬಾಯಿಗೆ ಹಾಕುವ ಪೋಲಿಯೊ ಹನಿಯ ಶೀಶೆಗಳ ಮೇಲೆ ಇದು ಬರುತ್ತಿದೆ. ಡೈಅಸಿಟಿಲೀನ್ ಎಂಬ ಬಣ್ಣವಿಲ್ಲದ ವಸ್ತುವಿನ ಅಣುಗಳು ಶಾಖಕ್ಕೆ ಒಂದಕ್ಕೊಂದು ಕೊಂಡಿ ಹಾಕಿಕೊಳ್ಳುತ್ತ ಗಾಢ ಬಣ್ಣಕ್ಕೆ ತಿರುಗುತ್ತವೆ. ಪೋಲಿಯೊ ಹನಿಯದ್ದು 37 ಡಿಗ್ರಿಯಲ್ಲಿ ಎರಡು ದಿನಕ್ಕೆ ಮುಗಿಯುವ ಲೇಬಲ್. ಶಾಖವನ್ನು ಹೆಚ್ಚು ತಡೆಯುವ ಲಸಿಕೆಗಳಿಗೆ 7, 14, 30 ದಿನದ್ದೂ ಇವೆ.

ಇದರಲ್ಲಿ ನನಗೆ ಬಹಳ ಹಿಡಿಸಿದ್ದು ಓದುವ ವಿಧಾನ. ಅಂಕಿ ಇಲ್ಲ, ಅಕ್ಷರ ಇಲ್ಲ, ಪಕ್ಕದ ಬಣ್ಣದ ಜೊತೆ ಹೋಲಿಸಿದರೆ ಆಯಿತು. ನನ್ನ ಲೇಬಲ್ಲೂ ಹೀಗೇ ಇರಬೇಕು. ಆದರೆ ಆ ರಾಸಾಯನಿಕ ಮನೆಯಲ್ಲಿ ಮಾಡುವಂಥದ್ದಲ್ಲ.

ಮಾರ್ಚ್ 22

ದಾರಿ ಸಿಕ್ಕಿದ್ದು ಅಡುಗೆಮನೆಯಲ್ಲಿ. ಅವ್ವ ರಾತ್ರಿ ಹಾಲಿಗೆ ಹೆಪ್ಪು ಹಾಕುತ್ತಿದ್ದಳು. ಎಷ್ಟು ಹಾಕ್ತೀಯವ್ವ ಅಂತ ಕೇಳಿದೆ. "ಲೆಕ್ಕ ಏನಿಲ್ಲಪ್ಪ. ಬ್ಯಾಸಗಿಗೆ ಒಂದ್ ಹನಿ ಸಾಕು, ಚಳಿಗೆ ಒಂದ್ ಚಮಚ ಬೇಕು. ಜಾಸ್ತಿ ಆದ್ರೆ ಬೆಳಗಾಗೋದ್ರಾಗ ಹುಳಿ."

ಸೆಕೆಯ ಲೆಕ್ಕ ಇಡುವ ಗಡಿಯಾರ ನಮ್ಮ ಮನೆಯಲ್ಲಿ ದಿನಾ ರಾತ್ರಿ ಓಡುತ್ತಿದೆ! ಹೆಪ್ಪಿನ ಬ್ಯಾಕ್ಟೀರಿಯಾ ಬಿಸಿಯಲ್ಲಿ ಬೇಗ ಬೆಳೆದು ಹುಳಿ ಮಾಡುತ್ತವೆ, ತಂಪಿನಲ್ಲಿ ತಡ ಮಾಡುತ್ತವೆ. ಹಾಲು ಕೆಡುವ ರೀತಿಯೂ ಹೆಚ್ಚುಕಡಿಮೆ ಅದೇ. ಹೆಪ್ಪಿನ ಪ್ರಮಾಣ ಬದಲಿಸಿದರೆ ಗಡಿಯಾರದ ಅವಧಿ ಬದಲಾಗುತ್ತದೆ. ಹುಳಿಗೆ ಬಣ್ಣ ಬದಲಿಸುವ ವಸ್ತುವೊಂದನ್ನು ಸೇರಿಸಿ ಮುಚ್ಚಿದರೆ ಅದೇ ಲೇಬಲ್. ಹೆಪ್ಪಿನಲ್ಲಿರುವಂಥ ಲ್ಯಾಕ್ಟಿಕ್ ಬ್ಯಾಕ್ಟೀರಿಯಾ ಬಳಸಿ ಹಸಿರಿನಿಂದ ಕೆಂಪಿಗೆ ತಿರುಗುವ ಲೇಬಲ್ಲನ್ನು ಫ್ರಾನ್ಸಿನಲ್ಲಿ ಈಗಾಗಲೇ ಮಾಡಿದ್ದಾರೆ ಅಂತ ಆಮೇಲೆ ಓದಿದೆ. ಧೈರ್ಯ ಬಂತು.

ಬಣ್ಣ ಹುಡುಕಲು ವಾರ ಹಿಡಿಯಿತು. ಅರಿಶಿನ ಸುಣ್ಣಕ್ಕೆ ಕೆಂಪಾಗುತ್ತದೆ, ಹುಳಿಗೆ ಅಲುಗುವುದಿಲ್ಲ. ಶಂಖಪುಷ್ಪದ ನೀಲಿಗೆ ನಿಂಬೆಹುಳಿಯಷ್ಟು ಬೇಕು, ಮೊಸರಿನ ಹುಳಿ ಸಾಲದು. ನೇರಳೆ ಎಲೆಕೋಸಿನ ರಸ ಗುಲಾಬಿಗೆ ತಿರುಗಿತು, ಆದರೆ ಸಂಜೆ ಟ್ಯೂಬ್‌ಲೈಟಿನಲ್ಲಿ ಅಪ್ಪಾಜಿಗೆ ವ್ಯತ್ಯಾಸವೇ ಕಾಣಲಿಲ್ಲ. ಕೊನೆಗೆ ಲ್ಯಾಬ್ ಸಾಮಾನಿನ ಅಂಗಡಿಯಿಂದ ಬ್ರೋಮೊಕ್ರೆಸಾಲ್ ಪರ್ಪಲ್ ಎಂಬ, ಹುಳಿಗೆ ಬಣ್ಣ ಬದಲಿಸುವ ವಸ್ತು ತಂದೆ. ಪಿಎಚ್ (ಹುಳಿ ಹೆಚ್ಚಿದಷ್ಟೂ ಇಳಿಯುವ ಅಳತೆ) 6.8ರ ಮೇಲೆ ನೇರಳೆ, 5.2ರ ಕೆಳಗೆ ಹಳದಿ. ತಾಜಾ ಹಾಲಿನ ಪಿಎಚ್ ಸುಮಾರು 6.7, ಗಟ್ಟಿ ಮೊಸರಿನದ್ದು ಸುಮಾರು 4.5. ಅಳತೆ ಕೊಟ್ಟು ಹೊಲಿಸಿದ ಹಾಗೆ ಹೊಂದುತ್ತದೆ.

ಏಪ್ರಿಲ್ 2

ಮೊದಲ ಹನ್ನೆರಡು ಲೇಬಲ್ ಹಾಳಾದವು. ಐಸ್ ಕ್ಯಾಂಡಿ ತುಂಬುವ ಉದ್ದನೆಯ ಪ್ಲಾಸ್ಟಿಕ್ ಕವರಿನಲ್ಲಿ ಹಾಲು, ಬಣ್ಣ, ಹೆಪ್ಪು ಹಾಕಿ, ಮಂಡಕ್ಕಿ ಪ್ಯಾಕೆಟ್ ಮುಚ್ಚುವ ಹಾಗೆ ಮೇಣದಬತ್ತಿಗೆ ಹಿಡಿದು ಅಂಟಿಸಿದೆ. ಬೆಳಿಗ್ಗೆ ನೋಡಿದರೆ ನಾಲ್ಕು ಉಬ್ಬಿ ನಿಂತಿದ್ದವು. ಹೆಪ್ಪೇ ಹಾಕದೆ ಹೋಲಿಕೆಗೆಂದು ಇಟ್ಟಿದ್ದ ಎರಡೂ ಹಳದಿ! ಒಲೆಯ ಮೇಲೆ ಒಂದು ಕುದಿ ಬರಿಸಿದ್ದು ಸಾಲದು, ಬೇರೆ ಜೀವಿಗಳು ಉಳಿದಿದ್ದವು. ಕವರುಗಳೂ ತೊಳೆದದ್ದಷ್ಟೇ.

ಈಗ ಹಾಲಿಗೆ ಅರ್ಧ ನೀರು ಬೆರೆಸಿ, ಕುಕ್ಕರಿನಲ್ಲಿ ಇಪ್ಪತ್ತು ನಿಮಿಷ ಇಟ್ಟು, ತಣ್ಣಗಾದ ಮೇಲಷ್ಟೇ ಹೆಪ್ಪು ಸೇರಿಸುತ್ತಿದ್ದೇನೆ. ನೀರು ಬೆರೆಸದಿದ್ದರೆ ಕುಕ್ಕರಿನ ಕಾವಿಗೆ ಹಾಲು ಕಂದುಬಣ್ಣಕ್ಕೆ ತಿರುಗಿ ನೇರಳೆ ಮಂಕಾಗುತ್ತದೆ. ಮೇಣದಬತ್ತಿಯ ಉರಿ ಹಾಲಿನಿಂದ ಎರಡು ಬೆರಳು ದೂರ ಇರಬೇಕು, ಇಲ್ಲದಿದ್ದರೆ ಹೆಪ್ಪು ಅಲ್ಲೇ ಸಾಯುತ್ತದೆ. ಹೆಪ್ಪಿಲ್ಲದ ಲೇಬಲ್ ಈಗ ಮೂರು ದಿನವಾದರೂ ನೇರಳೆಯಾಗಿಯೇ ಇದೆ.

ಏಪ್ರಿಲ್ 3

ಇವತ್ತಿನ ಫಲಿತಾಂಶ ನೋಡಿ ಖುಷಿಗೆ ನಿದ್ದೆ ಬರಲಿಲ್ಲ. ಅಂಗಡಿಯ ಮೇಲಿನ ಹಲಗೆಯಲ್ಲಿ 34 ಡಿಗ್ರಿ. ಮೂರು ಬಗೆಯ ಲೇಬಲ್ ಇಟ್ಟೆ: ನೂರು ಭಾಗ ಹಾಲಿಗೆ ಒಂದು ಭಾಗ ಹೆಪ್ಪು, ಸಾವಿರಕ್ಕೆ ಒಂದು, ಹತ್ತು ಸಾವಿರಕ್ಕೆ ಒಂದು. ಮೊದಲನೆಯದು ಐದು ಗಂಟೆಗೆ ಹಳದಿ, ಎರಡನೆಯದು ಏಳೂವರೆಗೆ, ಮೂರನೆಯದು ಹತ್ತಕ್ಕೆ. ಹೆಪ್ಪನ್ನು ಹತ್ತು ಪಟ್ಟು ಕಡಿಮೆ ಮಾಡಿದರೆ ಅವಧಿ ಹತ್ತು ಪಟ್ಟು ಹೆಚ್ಚಲಿಲ್ಲ, ಪ್ರತಿ ಸಲ ಎರಡೂವರೆ ಗಂಟೆ ಮಾತ್ರ ಹೆಚ್ಚಿತು. ಒಂದು ಎರಡಾಗಿ, ಎರಡು ನಾಲ್ಕಾಗಿ ಬೆಳೆಯುವ ಜೀವಿಗಳು ಹತ್ತು ಪಟ್ಟಾಗಲು ಮೂರು ಚಿಲ್ಲರೆ ಸಲ ಇಮ್ಮಡಿಯಾದರೆ ಸಾಕು. ಅಂದರೆ ಈ ಸೆಕೆಯಲ್ಲಿ ನಮ್ಮ ಮನೆಯ ಹೆಪ್ಪು ಸುಮಾರು ಮುಕ್ಕಾಲು ಗಂಟೆಗೊಮ್ಮೆ ಇಮ್ಮಡಿಸುತ್ತಿದೆ. ಅವ್ವನ ಹನಿ, ಚಮಚದ ಲೆಕ್ಕದೊಳಗೆ ಇದೆಲ್ಲ ಅಡಗಿತ್ತು.

ಪಕ್ಕದಲ್ಲೇ ಒಂದು ಹಾಲಿನ ಪ್ಯಾಕೆಟ್ ಇಟ್ಟು, ಗಂಟೆಗೊಮ್ಮೆ ಒಂದು ಸೌಟು ತೆಗೆದು ಕಾಯಿಸಿದೆ. ಒಂಬತ್ತನೇ ಗಂಟೆಗೆ ಒಡೆಯಿತು. ಹಾಗಾಗಿ ಸಾವಿರಕ್ಕೊಂದು ಹೆಪ್ಪಿನ ಲೇಬಲ್ ಒಂದೂವರೆ ಗಂಟೆ ಮುಂಚೆಯೇ ಎಚ್ಚರಿಸುತ್ತದೆ. ಫ್ರಿಜ್ಜಿನಲ್ಲಿಟ್ಟದ್ದು ಪ್ಯಾಕೆಟ್ಟಿನ ತಾರೀಕು ದಾಟುವವರೆಗೂ ನೇರಳೆಯೇ.

ಏಪ್ರಿಲ್ 17

ತೆಳ್ಳಗಿನ ಲೇಬಲ್ ಐದು ನಿಮಿಷದಲ್ಲಿ ಬಿಸಿಯಾಗುತ್ತದೆ, ಅರ್ಧ ಲೀಟರ್ ಹಾಲು ಅಷ್ಟು ಬೇಗ ಆಗುವುದಿಲ್ಲ. ಫ್ರಿಜ್ಜಿನಿಂದ ಹೊರಗೆ, ಮತ್ತೆ ಒಳಗೆ ಅಂತ ಓಡಾಡಿಸಿದರೆ ಲೇಬಲ್ ಸುಮ್ಮನೆ ಹೆದರಿಸುತ್ತದೆ. ಹೊರಮೈಗೆ ತೆಳು ಥರ್ಮೋಕೋಲ್ ಚೂರು ಅಂಟಿಸಿ, ಒಳಮೈ ಪ್ಯಾಕೆಟ್ಟಿಗೆ ತಾಗುವಂತೆ ಮಾಡಿದೆ. ಈಗ ಹಾಲಿನ ಜೊತೆಗೇ ಬಿಸಿಯಾಗಿ ಜೊತೆಗೇ ತಣಿಯುತ್ತದೆ. ಬಣ್ಣ ನೋಡಲು ನಡುವೆ ಒಂದು ಕಿಂಡಿ, ಕಿಂಡಿಯ ಸುತ್ತ ಹಳದಿ ಬಣ್ಣದ ಉಂಗುರ. ಒಳಗಿನದು ಉಂಗುರದ ಬಣ್ಣಕ್ಕೆ ಬಂದರೆ ಮಾರುವ ಹಾಗಿಲ್ಲ. ಸೋರದಂತೆ ಎರಡು ಕವರು. ಲೇಬಲ್ಲುಗಳನ್ನು ರಾತ್ರಿ ಮಾಡಿ ಫ್ರೀಜರಿನಲ್ಲಿ ಗಟ್ಟಿ ಮಾಡಿಡುತ್ತೇನೆ, ಬೆಳಿಗ್ಗೆ ಕ್ರೇಟು ಇಳಿದ ಕೂಡಲೇ ಅಂಟಿಸುತ್ತೇನೆ. ಗಡಿಯಾರ ಅಲ್ಲಿಂದ ಶುರು. ಅಂಗಡಿಗೆ ಬರುವ ಮುಂಚೆ ಟೆಂಪೋದಲ್ಲಿ ಏನಾಯಿತು ಅಂತ ಇದು ಹೇಳಲಾರದು. ಪ್ಯಾಕೆಟ್ ತೂತಾದರೂ ಹೇಳಲಾರದು. ಇದು ಹಾಲನ್ನು ಮುಟ್ಟುವುದೇ ಇಲ್ಲ, ಶಾಖವನ್ನಷ್ಟೇ ಅಳೆಯುತ್ತದೆ.

ಮೇ 4

ಹಾಲಿನ ಲೇಬಲ್ ದಿನಾ ಹತ್ತು ಪ್ಯಾಕೆಟ್ಟಿಗೆ ಹಚ್ಚುತ್ತಿದ್ದೇನೆ. ಇದರ ನಡುವೆ ಇನ್ನೊಂದು ಹುಚ್ಚು ಹತ್ತಿದೆ.

ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡುವ ತಮ್ಮ, ಕಳ್ಳತನ ತಡೆಯಲು ಅಂಟಿಸುವ ಬಿಳಿ ಟ್ಯಾಗುಗಳಲ್ಲಿ ಒಡೆದ ಕೆಲವನ್ನು ತಂದುಕೊಟ್ಟ. ಅಂಗಡಿ ಬಾಗಿಲಲ್ಲಿ ಕೂಗುವ ಟ್ಯಾಗುಗಳ ಕಥೆ 1960ರ ದಶಕದಲ್ಲಿ ಅಮೆರಿಕದ ಸಂಶೋಧಕ ಆರ್ಥರ್ ಮಿನಾಸಿ ಅವರಂಥವರಿಂದ ಶುರುವಾಯಿತು. ಈ ಬಿಳಿಯದ್ದು ಆಮೇಲಿನ ಬಗೆ. ಬೆರಳುದ್ದದ ಡಬ್ಬಿಯೊಳಗೆ ಲೋಹದ ತೆಳು ಪಟ್ಟಿ ಸಡಿಲವಾಗಿ ಕೂತಿದೆ. ಅಲುಗಿಸಿದರೆ ಕಿರಿದಾಗಿ ಕಟಕಟ ಅನ್ನುತ್ತದೆ. ಕೆಳಗೆ ಅಂಟಿಕೊಂಡಿರುವ ಇನ್ನೊಂದು ಪಟ್ಟಿ ಅಯಸ್ಕಾಂತ. ಬಾಗಿಲ ಕಂಬ 58 ಕಿಲೋಹರ್ಟ್ಸ್‌ನಲ್ಲಿ (ಸೆಕೆಂಡಿಗೆ 58 ಸಾವಿರ ಸಲ ಕಂಪಿಸುವ) ಒಂದು ಮಿಡಿತ ಕಳಿಸಿ ಸುಮ್ಮನಾಗುತ್ತದೆ. ದೇವಸ್ಥಾನದ ಗಂಟೆ ಹೊಡೆದ ಮೇಲೂ ನಾದ ಉಳಿಯುವ ಹಾಗೆ ಪಟ್ಟಿ ಕ್ಷಣಕಾಲ ಕಂಪಿಸುತ್ತಲೇ ಇರುತ್ತದೆ. ಕಂಬ ಕೇಳಿಸಿಕೊಳ್ಳುವುದು ಆ ಉಳಿದ ನಾದವನ್ನು. ಬಿಲ್ಲಿನ ಮೇಜಿನ ಮೇಲೆ ಉಜ್ಜಿದಾಗ ಕೆಳಗಿನ ಪಟ್ಟಿಯ ಕಾಂತ ಅಳಿದು, ಆ ಕಂಪನಾಂಕಕ್ಕೆ ಓಗೊಡುವುದು ನಿಲ್ಲುತ್ತದೆ.

ಪಟ್ಟಿ ಸಡಿಲವಾಗಿದ್ದರೆ ಮಾತ್ರ ನಾದ. ಅದರ ಪಕ್ಕ ಗಟ್ಟಿಯಾದ ಕೊಬ್ಬರಿ ಎಣ್ಣೆಯ ಒಂದು ಕಾಳು ಇಟ್ಟರೆ? ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗೆ ಕರಗುತ್ತದೆ. ಎಷ್ಟೋ ಔಷಧಿಗಳ ಮೇಲೆ 25 ಡಿಗ್ರಿಯೊಳಗೆ ಇಡಿ ಅಂತ ಬರೆದಿರುತ್ತದೆ. ಎಣ್ಣೆ ಕರಗಿ ಪಟ್ಟಿಗೆ ಹರಿದರೆ ನಾದ ಕುಂದಬೇಕು. ಮತ್ತೆ ತಣ್ಣಗಾದರೂ ಎಣ್ಣೆ ಅಲ್ಲೇ ಹೆಪ್ಪುಗಟ್ಟಿ ಪಟ್ಟಿಯನ್ನು ಹಿಡಿದಿರುತ್ತದೆ. ಇಂಥ ಟ್ಯಾಗನ್ನು ಔಷಧಿ ಪೆಟ್ಟಿಗೆಯೊಳಗೆ ಇಟ್ಟರೆ, ಪೆಟ್ಟಿಗೆ ಬಿಚ್ಚದೆಯೇ ಔಷಧಿ ಸೆಕೆಗೆ ಸಿಕ್ಕಿತ್ತೋ ಇಲ್ಲವೋ ತಿಳಿಯುತ್ತದೆ.

ಆರ್ಡುಯಿನೋ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡಿಗೆ ತಂತಿಯ ಎರಡು ಸುರುಳಿ ಸುತ್ತಿ ಜೋಡಿಸಿದ್ದೇನೆ, ಒಂದು ಮಿಡಿಯಲು, ಒಂದು ಕೇಳಲು. ಒಣ ಪಟ್ಟಿಯ ನಾದ ನಾಲ್ಕು ಇಂಚು ದೂರದಿಂದ ಸ್ಪಷ್ಟವಾಗಿ ಸಿಗುತ್ತಿದೆ. ಎಣ್ಣೆ ಸವರಿದ ಪಟ್ಟಿಯದ್ದು ನಿನ್ನೆ ಸಿಗಲಿಲ್ಲ, ಇವತ್ತು ಬೆಳಿಗ್ಗೆ ಕ್ಷೀಣವಾಗಿ ಸಿಕ್ಕಿತು. ಎಣ್ಣೆ ಡಬ್ಬಿಯ ಒಂದು ಮೂಲೆಗೆ ಸರಿದು ಪಟ್ಟಿಯ ಒಂದು ತುದಿ ಬಿಡಿಸಿಕೊಂಡಿತ್ತು. ಎಣ್ಣೆ ಹರಿದು ಹೋಗದಂತೆ ಹತ್ತಿಯ ಎಳೆಯೊಂದನ್ನು ಪಟ್ಟಿಯ ಉದ್ದಕ್ಕೂ ಹಾಸಿ ನೋಡಬೇಕು. ಹತ್ತಿ ಅವ್ವನ ದೀಪದ ಬತ್ತಿ ಡಬ್ಬಿಯಲ್ಲಿದೆ. ಎಣ್ಣೆ ಫ್ರಿಜ್ಜಿನಲ್ಲಿ, ಹಾಲಿನ ಪಕ್ಕ, ಗಟ್ಟಿಯಾಗುತ್ತಿದೆ.