ಕರಿ ಹೊಲ ಬೆಳ್ಳಗಾದ ಕತೆ

ಬ್ಯಾಬಿಲೋನಿಯಾದ (ಈಗಿನ ಇರಾಕ್ ಸೀಮೆ) ಸೃಷ್ಟಿಕತೆ ಓದಲು ಹೊರಟವರು ಮೊದಲು ಹಿಡಿಯುವುದು 'ಎನೂಮ ಎಲಿಷ್'. ತುಂಗಭದ್ರಾ ಎಡದಂಡೆ ಕಾಲುವೆಯ ಸಿಂಧನೂರು, ಮಾನ್ವಿ, ಕಾರಟಗಿ ಸೀಮೆಯವರು ಮಾತ್ರ 'ಅತ್ರಹಾಸಿಸ್'‌ನಿಂದ ಶುರು ಮಾಡಬೇಕು. ಕಾಲುವೆ ನೀರು ನಂಬಿದವರ ಕತೆ ಅದು.

ಕ್ರಿ.ಪೂ. 17ನೇ ಶತಮಾನದಲ್ಲಿ ನಕಲು ಮಾಡಿದ ಮೂರು ಮಣ್ಣಿನ ಫಲಕಗಳಲ್ಲಿ ಅದು ಸಿಕ್ಕಿದೆ. ಮನುಷ್ಯರಿನ್ನೂ ಹುಟ್ಟಿಲ್ಲ, ಬುಟ್ಟಿ ಹೊತ್ತು ನದಿ, ಕಾಲುವೆ ತೋಡುವವರು ಇಗಿಗಿ ಎಂಬ ಕೆಳದರ್ಜೆಯ ದೇವರುಗಳು. ದುಡಿದು ಬೇಸತ್ತು ಸನಿಕೆ, ಬುಟ್ಟಿಗೆ ಬೆಂಕಿಯಿಟ್ಟು, ನಡುರಾತ್ರಿ ಹಿರಿಯ ದೇವರು ಎನ್ಲಿಲ್‌ನ ಬಾಗಿಲಿಗೆ ಮುತ್ತಿಗೆ ಹಾಕುತ್ತಾರೆ. ಜಾಣ ದೇವರು ಎಂಕಿ ದಾರಿ ತೋರುತ್ತಾನೆ: ದುಡಿಯಲು ಮನುಷ್ಯರನ್ನು ಮಾಡೋಣ, ಅದಕ್ಕೆ ಒಬ್ಬ ದೇವರನ್ನು ಕೊಂದು, ಅವನ ರಕ್ತಮಾಂಸವನ್ನು ಜೇಡಿಮಣ್ಣಿಗೆ ಬೆರೆಸಬೇಕು. ದೇವರುಗಳು ಅದರ ಮೇಲೆ ಉಗುಳುತ್ತಾರೆ, ಎಂಕಿ ತುಳಿಯುತ್ತಾನೆ, ತಾಯಿದೇವತೆ 14 ಉಂಡೆ ಮಾಡುತ್ತಾಳೆ: ಏಳು ಗಂಡು, ಏಳು ಹೆಣ್ಣು. ಇಟ್ಟಿಗೆಯ ಮಣ್ಣು ಕಲಸಿ ಗೊತ್ತಿದ್ದವರೇ ಕಟ್ಟಿದ ಕತೆ ಎಂದು ಇಲ್ಲೇ ತಿಳಿಯುತ್ತದೆ.

ಜನ ಹೆಚ್ಚಿ ಗದ್ದಲವೆದ್ದಾಗ ಎನ್ಲಿಲ್‌ಗೆ ನಿದ್ದೆ ಹತ್ತುವುದಿಲ್ಲ. ರೋಗ ಕಳಿಸುತ್ತಾನೆ, ಆಮೇಲೆ ಬರ. ಆ ಬರದಲ್ಲಿ ಕರಿ ಹೊಲಗಳು ಬೆಳ್ಳಗಾದವು, ಬಯಲು ಉಪ್ಪು ಹೆತ್ತಿತು ಎನ್ನುತ್ತದೆ ಕಾವ್ಯ. ಎರೆ ನೆಲ ಸವುಳಾಗುವುದನ್ನು ಕಂಡವರಿಗೆ ಈ ಸಾಲು ಬಿಡಿಸಿ ಹೇಳಬೇಕಿಲ್ಲ. ಕವಿ ದೂರುವುದು ನೀರಿಲ್ಲದ್ದನ್ನು. ನಮ್ಮ ಕಡೆ ಹೆಚ್ಚಾಗಿ ಆಗುವುದು ತಿರುಗುಮುರುಗು. ಅರೆನೀರಾವರಿ ಬೆಳೆಗೆಂದು ಲೆಕ್ಕ ಹಾಕಿದ ಎಡದಂಡೆ ಕಾಲುವೆಯಲ್ಲಿ ಮೇಲ್ಭಾಗದವರು ಭತ್ತ ನಾಟಿ ಮಾಡುತ್ತಾರೆ. ಬಸಿಗಾಲುವೆ ಇಲ್ಲದ ಕಡೆ ಅಂತರ್ಜಲ ಮೇಲೇರುತ್ತದೆ. ಬಿಸಿಲಿಗೆ ನೀರು ಆರಿ ಉಪ್ಪು ಮೇಲುಳಿಯುತ್ತದೆ. ಕೊನೆಭಾಗದವರಿಗೆ ಮಾತ್ರ ಕವಿ ಹೇಳಿದ ಬರವೇ.

ಇನ್ನು 'ಎನೂಮ ಎಲಿಷ್': ಏಳು ಫಲಕ. ಅಪ್ಸು ಸಿಹಿನೀರು, ತಿಯಾಮತ್ ಉಪ್ಪುನೀರು. ಎರಡೂ ಬೆರೆತು ದೇವರುಗಳು ಹುಟ್ಟುತ್ತಾರೆ. ತಿಯಾಮತ್ ಮೊದಲಿನಿಂದಲೇ ರಾಕ್ಷಸಿ ಎಂದುಕೊಳ್ಳುವುದು ತಪ್ಪು. ಮಕ್ಕಳನ್ನು ಕೊಲ್ಲೋಣವೆಂದ ಅಪ್ಸುವನ್ನು ತಡೆದವಳೇ ಅವಳು. ಗಂಡನನ್ನು ಎಯಾ (ಎಂಕಿಯ ಇನ್ನೊಂದು ಹೆಸರು) ಕೊಂದ ಮೇಲೆ, ಕೆಲವು ದೇವರುಗಳು ಚುಚ್ಚಿ ಮಾತಾಡಿದಾಗ ಸಿಡಿಯುತ್ತಾಳೆ. ಎಯಾನ ಮಗ, ಬ್ಯಾಬಿಲೋನಿನ ದೇವರು ಮರ್ದುಕ್ ಅವಳನ್ನು ಒಣಮೀನಿನಂತೆ ಇಬ್ಭಾಗ ಸೀಳಿ ಆಕಾಶ, ಭೂಮಿ ಮಾಡುತ್ತಾನೆ. ಟೈಗ್ರಿಸ್, ಯೂಫ್ರೆಟಿಸ್ ಹರಿಯುವುದು ಅವಳ ಕಣ್ಣುಗಳಿಂದ.

ನೆರೆಯ ಅಸ್ಸೀರಿಯಾದವರು ತಿದ್ದಿ ಬರೆದ ಪ್ರತಿಯಲ್ಲಿ ವಂಶಾವಳಿ ಗಂಟು ಬೀಳುತ್ತದೆ. ಕ್ರಿ.ಪೂ. 689ರಲ್ಲಿ ಬ್ಯಾಬಿಲೋನನ್ನು ನೆಲಸಮ ಮಾಡಿದ ಅಸ್ಸೀರಿಯಾದ ದೊರೆ ಸೆನ್ನಾಕೆರಿಬ್‌ನ ಕಾಲಕ್ಕೆ ಮರ್ದುಕ್‌ನ ಜಾಗಕ್ಕೆ ಅಸ್ಸೀರಿಯಾದ ದೇವರು ಅಶ್ಶೂರ್ ಬಂದ. ಆದರೆ ಅವನ ಹೆಸರನ್ನು ಬರೆದದ್ದು 'ಅನ್ಶರ್' ಎಂದು, ಅನ್ಶರ್ ಆ ಕಾವ್ಯದಲ್ಲಿ ಮರ್ದುಕ್‌ನ ಮುತ್ತಜ್ಜ! ಅನ್ಶರ್, ಅನು, ಎಯಾ, ಮರ್ದುಕ್ ಎಂದು ಸಾಲಾಗಿ ಬರೆದಿಟ್ಟುಕೊಂಡೇ ಓದಬೇಕು.

ನಮ್ಮ ಯುಗಾದಿಯ ಆಸುಪಾಸಿಗೆ ಬರುವ ನಿಸನ್ನು ತಿಂಗಳಲ್ಲಿ, ಹೊಸವರ್ಷದ ಹಬ್ಬದ ನಾಲ್ಕನೇ ಸಂಜೆ, ಪೂಜಾರಿ ಈ ಕಾವ್ಯವನ್ನು ಮರ್ದುಕ್‌ನ ಎದುರು ಹೇಳುತ್ತಿದ್ದ. ತುಂಗಭದ್ರೆ ತುಂಬುವುದು ಮುಂಗಾರಿಗೆ, ನಾಟಿಯ ಹೊತ್ತಿಗೆ. ಅಲ್ಲಿ ಹಿಮ ಕರಗಿ ಪ್ರವಾಹ ಬರುವುದು ಆ ಹಬ್ಬದ ಬೆನ್ನಿಗೆ, ಬಾರ್ಲಿ ತೆನೆ ಬಲಿತು ಕೊಯ್ಲಿಗೆ ನಿಂತಿರುವಾಗ.