ಕೆಮ್ಮಣ್ಣೋ ಆಯಿಲ್ ಪೇಂಟೋ

ದೊಡ್ಡಹಬ್ಬ ಅಂದ್ರೆ ದೀಪಾವಳಿ ಮುಂಚೆ ಮನೆಗೆ ಬಣ್ಣ ಹೊಡೆಸೋದು ಅಂತಾಗಿ ಶಿರಸಿ ಪೇಟೆಯಿಂದ ಶೇಡ್ ಕಾರ್ಡ್ ತಂದಿದ್ದೆ. ಜಗಲಿಗೆ ಯಾವ ಬಣ್ಣ ಅಂತ ಒಬ್ಬೊಬ್ಬರನ್ನೇ ಕೇಳ್ತಾ ಹೋದ್ರೆ ಅಣ್ಣ, ಅತ್ತಿಗೆ, ಆಯಿ ಎಲ್ಲರ ಬೆರಳೂ ಹೋಗಿ ನಿಂತಿದ್ದು ಅದೇ ಇಟ್ಟಿಗೆ ಕೆಂಪಿನ ಆಸುಪಾಸಲ್ಲಿ, ಬೆಂಗ್ಳೂರಲ್ಲಿ ಬೂದು ಗೋಡೆ ನೋಡ್ಕೊಂಡು ಅದೇ ಸ್ಟೈಲು ಅಂದ್ಕೊಂಡಿದ್ದ ನಾನೂ ಕಡೆಗೆ ಅದಕ್ಕೇ ಟಿಕ್ ಹಾಕಿದೆ. ಕೇಳಿದ್ರೆ "ಇದು ನನ್ನ ಇಷ್ಟ" ಅಂತಾರೆ. ಇಷ್ಟ ಎಲ್ಲಿಂದ ಬಂತು ಮಾರಾಯ್ರೆ, ಹುಟ್ಟಿದಾಗಿಂದ ನೋಡಿದ್ದೇ ಕೆಂಪು ಮಣ್ಣು, ಕೆಂಪು ನೆಲ, ಕೆಂಪು ಮಾರಿಗುಡಿ.

ತಕರಾರು ಬಂದಿದ್ದು ಅಣ್ಣನ ಮಗಳಿಂದ. ಡಿಸೈನ್ ಓದ್ತಾ ಇದ್ದಾಳೆ, ಪೇಂಟೇ ಬೇಡ, ಕೆಮ್ಮಣ್ಣು ಬಳಿದು ಶೇಡಿ ಅನ್ನೋ ಬಿಳಿ ಮಣ್ಣಲ್ಲಿ ಚಿತ್ತಾರ ಬರೀಬೇಕು ಅಂತ ಹಟ. ಆಯಿ ಅಡಕೆ ಸುಲಿಯೋದು ನಿಲ್ಲಿಸದೇ ಅಂದ್ಲು, "ನಿಂಗೆ ಚಂದ ಕಾಣ್ತು ಕೂಸೆ, ಯಂಗೆ ಸೊಂಟನೋವು ನೆನಪಾಗ್ತು." ಮಣ್ಣು ಹೊತ್ತು ತಂದು, ನೆನೆಸಿ, ಸೋಸಿ, ವರ್ಷಾ ವರ್ಷಾ ಬಳಿದವಳಿಗೆ ಒದ್ದೆ ಬಟ್ಟೇಲಿ ಒರೆಸಿದ್ರೆ ಮುಗೀತು ಅನ್ನೋ ಆಯಿಲ್ ಪೇಂಟೇ ಚಂದ. ಜಾನಪದ ಅಂತ ಬಾಯ್ತುಂಬ ಹೊಗಳೋ ನಾವು ಈ ಸೊಂಟದ ಸುದ್ದಿ ಎತ್ತೋದೇ ಇಲ್ಲ.

ಪೇಂಟ್ ತರೋಕೆ ಹೋದಾಗ ಅಣ್ಣನ ಮಗಳನ್ನ ಮಾರಿಕಾಂಬಾ ಗುಡಿಗೆ ಕರ್ಕೊಂಡು ಹೋದೆ. ಗೋಡೆ ಮೇಲಿನ ಕಾವಿ ಚಿತ್ರಗಳನ್ನ ಎರಡು ವರ್ಷಕ್ಕೊಮ್ಮೆ ಬರೋ ಜಾತ್ರೆ ಗದ್ದಲದಲ್ಲಿ ಯಾರು ನೆಟ್ಟಗೆ ನೋಡ್ತಾರೆ. ಹತ್ರ ನಿಂತು ನೋಡಿದ್ರೆ ಗೊತ್ತಾಗುತ್ತೆ, ಕೆಂಪಿನ ಮೇಲೆ ಬಿಳಿ ಬಳಿದಿದ್ದಲ್ಲ ಅದು. ಸುಣ್ಣದ ಗಾರೆ ಮೇಲೆ ಕಾವಿ ಮಣ್ಣಿನ ಪದರ ಕೊಟ್ಟು, ಹಸಿ ಇರುವಾಗಲೇ ಮೊನಚು ಕಡ್ಡಿಯಿಂದ ಕೆಂಪನ್ನ ಕೆರೆದು ತೆಗೀತಾರೆ, ಒಳಗಿನ ಸುಣ್ಣವೇ ಬಿಳಿ ಗೆರೆ ಆಗೋದು. ಆ ಸುಣ್ಣ ಸಮುದ್ರದ ಚಿಪ್ಪು ಸುಟ್ಟು ಮಾಡಿದ್ದು, ಗೋವಾದಿಂದ ಈಚೆ ಅಂಕೋಲಾ, ಕುಮಟಾ ಕಡೆಯ ಹಳೇ ಗುಡಿಗಳಲ್ಲೂ ಇದೇ ಕೆಲಸ. ಇತ್ತ ದೀವರ ಮನೆ ಹೆಂಗಸರು ಭೂಮಿ ಹುಣ್ಣಿಮೆ ಹಬ್ಬಕ್ಕೆ ಗದ್ದೆಗೆ ಒಯ್ಯೋ ಬುಟ್ಟಿಗೆ ಪುಂಡಿ ನಾರಿನ ಕುಂಚದಲ್ಲಿ ಅಕ್ಕಿ ಅರೆದ ಬಿಳಿಯಿಂದ ಎಳೆ ಬರೆಯೋದೂ ಕೆಮ್ಮಣ್ಣಿನ ಮೇಲೇ. ಜಾತಿ ಬೇರೆ, ಕೈ ಬೇರೆ, ಕಣ್ಣಿಗೆ ಹಿತ ಅನ್ಸೋ ಜೋಡಿ ಮಾತ್ರ ಒಂದೇ.

ಕಡೆಗೆ ರಾಜಿ ಆಯ್ತು. ಜಗಲಿಗೆ ಆಯಿಲ್ ಪೇಂಟು, ಕೊಟ್ಟಿಗೆ ಪಕ್ಕದ ಗೋಡೆ ಅವಳಿಗೆ, ಮಣ್ಣು ಅವಳೇ ಹೊರಬೇಕು. ಹೊತ್ತಳು! ಚಿತ್ತಾರದ ನಡುವೆ ತನ್ನ ಸ್ಕೂಟಿಯನ್ನೂ ಬರೆದ್ಲು, ನಂಗಂತೂ ಅದೇ ಇಷ್ಟ ಆಗಿದ್ದು. ಹಬ್ಬಕ್ಕೆ ಬಂದವರು ಸ್ಕೂಟಿ ಬಗ್ಗೆ ಏನಾದ್ರೂ ಅಂತಾರೇನೋ ಅಂತ ಕಾಯ್ತಿದ್ಲು ಪಾಪ, ಒಬ್ರೂ ತುಟಿ ಬಿಚ್ಚಲಿಲ್ಲ, ಎಲ್ಲರೂ ಹೇಳಿದ್ದು ಅಂಚಿನ ಎಳೆ ಸೊಟ್ಟ ಆಯ್ದು ಅಂತ. ಆಯಿಯಂತೂ ಕನ್ನಡಕ ಹಾಕ್ಕೊಂಡು ಬಂದು ಎಲ್ಲಿಂದ ಸೊಟ್ಟ ಅಂತ ಬೆರಳಿಟ್ಟು ತೋರಿಸಿದ್ಲು.